ಎದ್ದು ನಿಂತವರು

ಟೈರಿನ ಹಲ್ಲುಗಳ ನಡುವೆ ಸಿಕ್ಕಿಕೊಂಡದ್ದು ಮಣ್ಣಲ್ಲ ಎಂಬುದು ಕಡ್ಡಿ ಹಾಕುವ ಮೊದಲೇ ಈರೇಶನಿಗೆ ಗೊತ್ತಿತ್ತು. ಆದರೂ ಹಿತ್ತಲ ಕಲ್ಲಿನ ಮೇಲೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಕಸಬರಿಗೆಯಿಂದ ಕಿತ್ತ ಕಡ್ಡಿಯಲ್ಲಿ ಕೆದರುತ್ತ, ಮಣ್ಣೇ ಇರಬೇಕು, ಕಾಳಿ ನದಿ ದಂಡೆಯ ಮಣ್ಣು ಹೀಗೇ ಅಂಟುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮೂಗು ನಂಬಲಿಲ್ಲ. ಥೂ, ಎಂದು ಮುಖ ಆಚೆ ಮಾಡಿ, ಉಸಿರು ಕಟ್ಟಿ, ಮತ್ತೆ ಕೆದರಿದ. ಕಡ್ಡಿ ಮುರಿದು ತುಂಡೊಂದು ಸಿಡಿದು ಅಂಗಿಯ ತೋಳಿಗೆ ಬಂದು ಬಿತ್ತು. ಐವತ್ತೊಂದು ವರ್ಷದ ಮನುಷ್ಯ, ಕಚೇರಿಯಲ್ಲಿ ಸೂಪರಿಂಟೆಂಡೆಂಟು, ಇಲ್ಲಿ ಮುಂಜಾನೆ ಏಳು ಗಂಟೆಗೆ ಕುಕ್ಕರುಗಾಲಲ್ಲಿ ಕುಳಿತು ಯಾರದೋ ಹೊಲಸನ್ನು ಕೆದರುತ್ತಿದ್ದೇನೆ. ಯಾರದೋ ಎಂದು ಅಂದುಕೊಂಡದ್ದೂ ಸುಳ್ಳೇ ಎಂದು ತಕ್ಷಣ ಅನ್ನಿಸಿ, ಕಡ್ಡಿಯನ್ನು ಬೇಲಿಯಾಚೆ ಎಸೆದು ತಂಬಿಗೆಯ ನೀರನ್ನು ಗಾಲಿಗೆ ಸುರಿದ.

"ಶ್ಶೀ! ಕುಡಿಯೋ ನೀರಿನ ತಂಬಗಿ ತಗೊಂಡೀರಲ್ರಿ!" ನಿರ್ಮಲಾ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. "ದಿನಾ ಇದ ಆತು ನಿಮ್ದು. ಎಲ್ಲಿ ಹೊಕ್ಕೀರಿ ಹಂತಾದ್ದು ತುಳಕೊಂಡು ಬರಾಕ?"

ಅವನು ಉತ್ತರ ಕೊಡುವಷ್ಟರಲ್ಲಿ ಹಿತ್ತಲ ಗೇಟು ಕಿರ್ರೆಂದಿತು. ಪಾತ್ರೆ ತಿಕ್ಕಲು ಬರುವ ಮಾಲವ್ವ. ಸೀರೆಯ ಮೇಲೆ ಗಂಡಸರ ಕಂದು ಸ್ವೆಟರು. ಅದು ಈರೇಶನದೇ ಸ್ವೆಟರು. ಮುಂಡಗೋಡದಲ್ಲಿ ಟಿಬೆಟಿಯನ್ನರ ಹತ್ತಿರ ಕೊಂಡದ್ದು, ಬಲ ಮೊಣಕೈ ಹರಿದ ಮೇಲೆ ನಿರ್ಮಲಾ ಅವಳಿಗೆ ಕೊಟ್ಟಿದ್ದಳು. ಮಾಲವ್ವ ಸೈಕಲ್ಲನ್ನು ನೋಡಿದಳು, ಒದ್ದೆ ಗಾಲಿಯನ್ನು ನೋಡಿದಳು, ಅವನನ್ನು ನೋಡಲಿಲ್ಲ. ಕಲ್ಲಿನ ಮೇಲಿದ್ದ ಪಾತ್ರೆಗಳ ಬುಟ್ಟಿಯನ್ನು ಎತ್ತಿಕೊಂಡು ನಳದ ಆಚೆ ಬದಿಗೆ ಹೋಗಿ, ಬೆನ್ನು ಮಾಡಿ ಕುಳಿತಳು. ಆ ಬೆನ್ನನ್ನು ಅವನು ಗುರುತಿಸಬಲ್ಲವನಾಗಿದ್ದ. ಒಂದೂವರೆ ತಾಸಿನ ಹಿಂದೆ ತನ್ನ ಸೈಕಲ್ಲಿನ ಬೆಳಕು ಮೊದಲು ಬಿದ್ದದ್ದು ಅದರ ಮೇಲೆಯೇ.

ದಾಂಡೇಲಿಗೆ ವರ್ಗವಾಗಿ ಮೂರು ತಿಂಗಳಾಗಿತ್ತು. ಸಕ್ಕರೆ ಏರಿದೆ, ದಿನಾ ಒಂದು ತಾಸು ಬೆವರು ಬರಬೇಕು ಎಂದು ಧಾರವಾಡದ ಡಾಕ್ಟರು ಹೆದರಿಸಿದ್ದರು. ಊರಂಚಿನ ಅಂಬೇವಾಡಿಯಲ್ಲಿ ಮನೆ ಹಿಡಿದ ಮರುದಿನವೇ ಈರೇಶ ರಸ್ತೆ ಹುಡುಕುತ್ತ ಹೊರಟಿದ್ದ. ಹೊಸ ಊರಿನಲ್ಲಿ ಮನುಷ್ಯರಿಗಿಂತ ಮೊದಲು ನಾಯಿಗಳ ಪರಿಚಯವಾಗುತ್ತದೆ. ಮೊದಲ ವಾರವಿಡೀ ಅವೇ ಅವನನ್ನು ಮನೆಗೆ ಮುಟ್ಟಿಸಿದವು. ಹಳಿಯಾಳದ ರಸ್ತೆಗೆ ಹೋದರೆ ಕಬ್ಬಿನ ಟ್ರ್ಯಾಕ್ಟರು, ಒಂದರ ಹಿಂದೆ ಎರಡು ಟ್ರೇಲರು, ಟೇಪಿನ ಹಾಡು. ಹೊರಚಾಚಿದ ಕಬ್ಬಿನ ತುದಿ ಕೆನ್ನೆಗೆ ಬಾರಿಸಿಕೊಂಡು ಹೋಗಿತ್ತು. ಜೋಯಿಡಾ ಕಡೆ ಹೋದರೆ ಬರೀ ಏರು. ಅಲ್ಲಿ ನಾಲಿಗೆ ಹೊರಗೆ ಬಂದು ಸೈಕಲ್ಲು ತಳ್ಳುತ್ತಿದ್ದಾಗ, ರಿಸಾರ್ಟಿಗೆ ಹೋಗುವ ಕಾರಿನಿಂದ ಯಾರೋ "ಅಂಕಲ್, ಇನ್ನೂ ಜೋರು!" ಎಂದು ಕೂಗಿ ಅರ್ಧ ಕುಡಿದ ಬಾಟಲಿಯನ್ನು ಕಾಲ ಬಳಿ ಒಡೆದಿದ್ದರು. ಒಮ್ಮೆ ಕಚೇರಿಯ ಕೆಲಸಕ್ಕೆ ಮುಂಡಗೋಡಕ್ಕೆ ಹೋದಾಗ ಜೀಪಿನ ಹಿಂದೆ ಸೈಕಲ್ಲು ಕಟ್ಟಿಕೊಂಡು ಹೋಗಿ, ಅಲ್ಲಿಯ ಇಂದೂರು ಎಂಬ ಹಳ್ಳಿಯಿಂದ ಪಾಳಾ ಕಡೆ ಹೊಡೆದಿದ್ದ. ಸಪಾಟ ರಸ್ತೆ, ಎರಡೂ ಬದಿ ಗೋವಿನಜೋಳ, ಎಮ್ಮೆಗಳು ಕೂಡ ಬದಿಗೆ ಸರಿದು ದಾರಿ ಬಿಡುವಂಥ ಊರು. ಆದರೆ ದಿನಾ ಸೈಕಲ್ಲು ಹೊಡೆಯಲು ಜೀಪಿನಲ್ಲಿ ಎರಡು ತಾಸು ಹೋಗುವವನನ್ನು ಜನ ಏನೆಂದಾರು? ಸೈಕಲ್ ದುರಸ್ತಿಯ ಮನ್ಸೂರನಿಗೆ ಇದನ್ನೆಲ್ಲ ಹೇಳಿಕೊಂಡಾಗ ಅವನು ನಕ್ಕಿದ್ದ.

"ಸಾಹೇಬ್ರ, ದಾಂಡೇಲಿಯಾಗ ಸಪಾಟ ಅಂದ್ರ ನದಿ ಒಂದ ಐತ್ರಿ. ಅದರ ಮ್ಯಾಲೆ ಹೊಡೀತೀರೇನು?"

"ಮತ್ತ ಅಂಬೇವಾಡಿ ದಾಟಿ ಅಡವಿ ಅಂಚಿಗೆ ಒಂದು ಕಾಲದಾರಿ ಹೋಗೇತಲ್ಲೋ, ಸಾಗವಾನಿ ಗಿಡದ ನೆರಳಾಗ?"

ಮನ್ಸೂರ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಎಣ್ಣೆಗೈಯನ್ನು ಚಿಂದಿಗೆ ಒರೆಸಿಕೊಂಡು, "ಅದು ಬ್ಯಾಡ್ರಿ. ಮುಂಜಾನಿ ಹೊತ್ತು ಚೊಲೋ ಇರೂದಿಲ್ಲ," ಎಂದಷ್ಟೇ ಹೇಳಿದ್ದ. ಮುಳ್ಳಿರಬೇಕು, ಗಾಜಿರಬೇಕು ಎಂದುಕೊಂಡು ಈರೇಶ ಮರುದಿನ ಐದೂವರೆಗೇ ಅಲ್ಲಿಗೆ ಹೋಗಿದ್ದ.

ಮುಳ್ಳೂ ಇರಲಿಲ್ಲ, ಗಾಜೂ ಇರಲಿಲ್ಲ. ತುಳಿದು ತುಳಿದು ನುಣುಪಾದ ದಾರಿ. ಮಂಜು, ಸಾಗವಾನಿ ಎಲೆಗಳ ಸಪ್ಪಳ, ಎಡಕ್ಕೆ ಎಲ್ಲೋ ನದಿಯ ತಂಪು. ಒಂದು ಲಾರಿಯಿಲ್ಲ, ಒಂದು ನಾಯಿಯಿಲ್ಲ. ಮೊದಲ ತಿರುವಿನಲ್ಲಿ ಅವನ ದೀಪ ಬಿದ್ದಾಗ, ದಾರಿಯ ಬದಿ ಒಬ್ಬ ಹೆಂಗಸು ಎದ್ದು ನಿಂತಳು. ಅವಳ ಆಚೆ ಇನ್ನೊಬ್ಬಳು. ಆಮೇಲೆ ನಾಲ್ಕೈದು ಜನ ಒಬ್ಬರ ಹಿಂದೊಬ್ಬರು. ಈರೇಶ ಗಂಟೆ ಬಾರಿಸಿ, "ನಮಸ್ಕಾರ್ರಿ," ಎಂದ. ಧಾರವಾಡದ ಕಚೇರಿಯಲ್ಲಿ ಅವನು ಬಾಗಿಲು ದಾಟಿ ಒಳಬಂದರೆ ಗುಮಾಸ್ತರು ಮೊಬೈಲಿನಿಂದ ಕಣ್ಣು ಕೂಡ ಎತ್ತುತ್ತಿರಲಿಲ್ಲ. ಜವಾನ ಪರಸಪ್ಪನಂತೂ ಸ್ಟೂಲಿನ ಮೇಲೆ ಕೂತಲ್ಲೇ, "ಬಂದ್ರೇನ್ರಿ?" ಎನ್ನುತ್ತಿದ್ದ, ಬಾರದಿದ್ದರೂ ನಡೆಯುತ್ತಿತ್ತು ಎಂಬ ದನಿಯಲ್ಲಿ. ಇಲ್ಲಿ ನೋಡಿದರೆ, ಊರಿಗೆ ಬಂದು ಎರಡು ತಿಂಗಳು ಆಗಿಲ್ಲ, ಇಷ್ಟು ಜನ ಎದ್ದು ನಿಲ್ಲುತ್ತಾರೆ. ಹಾಗೆಂದು ಅವನಿಗೆ ನಿಜವಾಗಿ ಅನ್ನಿಸಿತೇ? ಅನ್ನಿಸಿತು. ಒಂದು ಕ್ಷಣವಾದರೂ ಎದೆ ಉಬ್ಬಿತ್ತು. ಈಗ ಬಚ್ಚಲಲ್ಲಿ ಕೈಗೆ ಮೂರನೆಯ ಸಲ ಸಾಬೂನು ಹಚ್ಚಿಕೊಳ್ಳುತ್ತ ಅದನ್ನು ನೆನೆದು, ನಾಲ್ಕನೆಯ ಸಲಕ್ಕೆ ಮತ್ತೆ ಸಾಬೂನು ತೆಗೆದುಕೊಂಡ.

ಗೊತ್ತಿರಲಿಲ್ಲವೇ? ಯಾರಿಗೆ ಹೇಳುವುದು ಈ ಮಾತು? ಅವನೇನು ಅರಮನೆಯಲ್ಲಿ ಹುಟ್ಟಿದವನೇ? ಒಂಬತ್ತು ವರ್ಷದವನಿದ್ದಾಗ ಅವ್ವನ ಜೊತೆ ಟೆಂಪೋದಲ್ಲಿ ಊರಿಗೆ ಹೋಗುತ್ತಿದ್ದ. ಹೊತ್ತು ಮುಳುಗಿತ್ತು. ಊರು ಹತ್ತಿರವಾದಂತೆ ರಸ್ತೆಯ ಎರಡೂ ಬದಿ ಹೆಂಗಸರು ದೀಪದ ಬೆಳಕಿಗೆ ಸಾಲಾಗಿ ಏಳುತ್ತಿದ್ದರು, ಟೆಂಪೋ ದಾಟಿದ ಮೇಲೆ ಕೂಡುತ್ತಿದ್ದರು. ಡ್ರೈವರು ಬೇಕೆಂದೇ ದೀಪ ಜೋರು ಮಾಡಿದ. ಬಾಗಿಲಿಗೆ ಜೋತುಬಿದ್ದ ಕ್ಲೀನರು, "ನೋಡ್ರಿ, ನಮ್ಮ ಗಾಡಿಗೆ ಹೆಂಗ ಸಲಾಮ ಹೊಡೀತಾರ!" ಎಂದ. ಗಾಡಿಗೆ ಗಾಡಿಯೇ ನಕ್ಕಿತು. ಈರೇಶನೂ ನಕ್ಕ, ಎಲ್ಲರಿಗಿಂತ ಜೋರಾಗಿ ನಕ್ಕ. ಪಕ್ಕದಲ್ಲಿ ಅವ್ವ ಮಡಿಲಲ್ಲಿದ್ದ ಚೀಲದ ಗಂಟನ್ನು ನೋಡುತ್ತ ಕುಳಿತಿದ್ದಳು. ಮನೆಗೆ ಹೋದ ಮೇಲೆ ಅವಳೂ ನೀರಿನ ಚೆರಿಗೆ ಹಿಡಿದು ಅದೇ ರಸ್ತೆಗೆ ಹೋಗುವವಳಿದ್ದಳು. ಕೈ ತೊಳೆಯುತ್ತ ತೊಳೆಯುತ್ತ ಆ ಗಂಟು ಅವನ ಕಣ್ಣಿಗೆ ಕಟ್ಟಿತು. ಹಾಗಾದರೆ ದಾರಿ ಹಿಡಿದ ಮೂರನೆಯ ದಿನ ತನಗೆ ವಾಸನೆ ಬಡಿದಾಗ, ನಾಲ್ಕನೆಯ ದಿನ ಅವರ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಕಂಡಾಗ, ಆರನೆಯ ದಿನ ತನ್ನ ಸ್ವೆಟರೇ ಬೆನ್ನು ತಿರುಗಿಸಿ ನಿಂತಾಗ, ಯಾಕೆ ನಿಲ್ಲಿಸಲಿಲ್ಲ? ದಾರಿ ಚೊಲೋ ಇತ್ತು, ಅಷ್ಟೇ. ಒಂದು ತಾಸು ಆದರೇನು, ಅವರೇ ಏಳುತ್ತಾರೆ, ಅವರೇ ಕೂಡುತ್ತಾರೆ ಎಂದುಕೊಂಡ. ಸಕ್ಕರೆ ಇಳಿಯುತ್ತಿತ್ತು.

"ಈರೇಶ ಸರ್, ರೆಡೀನಾ?" ಎಂದು ಅಂದು ಮಧ್ಯಾಹ್ನ ಫೋನಿನಲ್ಲಿ ಜ್ಯೋತಿಬಾ ಕೇಳಿದ. ಹುಬ್ಬಳ್ಳಿಯ ದಂತವೈದ್ಯ, ಅಲ್ಲಿಯ ಸೈಕಲ್ ಗೆಳೆಯರ ಗುಂಪಿಗೆ ಅವನೇ ಹಿರಿಯ. "ರವಿವಾರ ಹದಿನೆಂಟು ಮಂದಿ ಬರ್ತೇವಿ. ಶನಿವಾರನ ಬಂದು ಉಳಕೋತೀವಿ, ಮುಂಜಾನಿ ಐದೂವರಿಗೆ ನಿಮ್ಮ ಟ್ರೇಲು. ಎಲ್ಲಾರೂ ಹೊಸ ಲೈಟ್ ಹಾಕ್ಸ್ಯಾರ್ರಿ, ಅಡವಿಯಾಗ ಹಗಲ ಆಗಬೇಕು!"

ತಪ್ಪು ಬೇರೆ ಯಾರದೂ ಅಲ್ಲ, ಈರೇಶನದೇ. ತಿಂಗಳ ಹಿಂದೆ ಸೈಕಲ್ ಸವಾರರ ಆ್ಯಪಿನಲ್ಲಿ ಆ ದಾರಿಯ ನಕ್ಷೆಯನ್ನು ಹಾಕಿ, 'ದಾಂಡೇಲಿಯ ನೆರಳಿನ ದಾರಿ' ಎಂದು ಹೆಸರಿಟ್ಟಿದ್ದ. ಕೆಳಗೆ ಬರೆದಿದ್ದ: 'ವಾಹನಗಳಿಲ್ಲ. ಜನ ಮರ್ಯಾದಸ್ಥರು. ನಮ್ಮನ್ನು ಕಂಡರೆ ಎದ್ದು ನಿಲ್ಲುತ್ತಾರೆ.' ನಲವತ್ತಮೂರು ಜನ ಮೆಚ್ಚಿದ್ದರು. ತಿಳಿದೂ ಬರೆದದ್ದೇ ಅದು, ಸ್ವೆಟರು ನೋಡಿದ ಮೇಲೆ ಬರೆದದ್ದು. ಈಗ ಅದನ್ನು ಓದಿ, ತಾನಲ್ಲ, ಬೇರೆ ಯಾವನೋ ನೀಚ ಬರೆದದ್ದೆಂಬಂತೆ ಫೋನನ್ನು ಮಗುಚಿ ಇಟ್ಟ. ನಕ್ಷೆಯನ್ನು ಅಳಿಸಿದ, ಅಳಿಸಿದರೇನು, ಹದಿನೆಂಟು ಜನರ ಫೋನಿನಲ್ಲಿ ಅದು ಆಗಲೇ ಇಳಿದು ಕುಳಿತಿತ್ತು. ಹದಿನೆಂಟು ದೀಪ. ಹದಿನೆಂಟು ಗಂಟೆ. ಎಲ್ಲಕ್ಕಿಂತ ಮುಂದೆ ದಾರಿ ತೋರಿಸುತ್ತ ತಾನು. ಗುಂಪಿಗೆ ಬರೆಯಲು ಕುಳಿತ: 'ಅದು ಹೆಣ್ಣುಮಕ್ಕಳು ಬಯಲಿಗೆ ಹೋಗುವ ದಾರಿ.' ಅಳಿಸಿದ. ಮತ್ತೆ ನೀವು ತಿಂಗಳೊಪ್ಪತ್ತು ಅಲ್ಲಿ ಹೇಗೆ ಹೊಡೆದಿರಿ ಸರ್ ಎಂದು ಒಬ್ಬನಾದರೂ ಕೇಳಿಯೇ ಕೇಳುತ್ತಾನೆ. ಕೇಳದಿದ್ದರೆ ನಗುತ್ತಾನೆ. ಕೊನೆಗೆ ಬೆರಳು ತಾನೇ ಬರೆಯಿತು: 'ಆ ದಾರಿಯಲ್ಲಿ ಕರಡಿ ಇದೆ. ಇವತ್ತು ಮುಂಜಾನೆ ನಾನೇ ಕಣ್ಣಾರೆ ಕಂಡೆ. ಜೀವ ಉಳಿದದ್ದೇ ದೊಡ್ಡದು.'

ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಅಯ್ಯೋ ಸರ್, ಹುಷಾರು ಸರ್, ದೇವರು ದೊಡ್ಡವನು ಸರ್. ರವಿವಾರ ಎಲ್ಲರೂ ಇಂದೂರು-ಪಾಳಾ ಕಡೆಗೆ ಹೋಗುವುದೆಂದಾಯಿತು. ಸಂಜೆ ಗಾಲಿಗೆ ಗಾಳಿ ಹಾಕಿಸಲು ಹೋದಾಗ ಮನ್ಸೂರನಿಗೂ ಅದನ್ನೇ ಹೇಳಿದ. ಕೇಳಿದ್ದಕ್ಕೆ ಹೇಳಿದ್ದಲ್ಲ, ಸುಳ್ಳನ್ನು ಒಂದು ಸಲ ಹೇಳಿದರೆ ಅದು ಎರಡನೆಯ ಸಾಕ್ಷಿ ಕೇಳುತ್ತದೆ. ಕರಿ ಮೈ, ಎದೆಯ ಮೇಲೆ ಬಿಳಿ ಗೆರೆ, ಎರಡು ಕಾಲ ಮೇಲೆ ನಿಂತಿತ್ತು ಎಂದು ಕೈಯೆತ್ತಿ ತೋರಿಸಿದ. ಮನ್ಸೂರ, "ಯಾ ಅಲ್ಲಾ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದ. ಪೀಡೆ ಕಳೆಯಿತು ಎಂದುಕೊಂಡು ಈರೇಶ ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಸೋಮವಾರ ಮಾಲವ್ವ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ಬಂದವಳ ಕಣ್ಣು ಕೆಂಪಗಿದ್ದವು. ಈರೇಶ ಪಡಸಾಲೆಯಲ್ಲಿ ಪೇಪರು ಹಿಡಿದು ಕುಳಿತಿದ್ದ. ಹಿತ್ತಲಿನ ಮಾತು ಕೇಳಿಸುತ್ತಿತ್ತು.

"ಸೊಸಿ ಬಿದ್ದಾಳ್ರಿ ಅಕ್ಕಾರ. ಏಳ ತಿಂಗಳ ಬಸರಿ. ಕರಡಿ ಐತಿ ಅಂತ ಗಂಡಸರು ಅಡವಿ ಕಡೆ ಬಿಡವಲ್ರು. ನಸಿಕಿನ್ಯಾಗ ಎದ್ದು ಡಾಂಬರ ರಸ್ತಾದ ಬಾಜೂಕ ಹೊಂಟೇವಿ. ಲಾರಿ ಲೈಟ ಬಿತ್ತು, ಹುಡುಗಿ ದಡಬಡ ಎದ್ದು ನಿಂದ್ರಾಕ ಹೋಗಿ ಗಟಾರದಾಗ ಬಿತ್ತರಿ. ಕಾಲ ಬಾತು ಹಿಂಗಾಗೇತಿ. ಹೊಟ್ಟಿಗೇನೂ ಆಗಿಲ್ಲ ಅಂದಾರ ನರ್ಸಬಾಯಿ, ದೇವರ ಬಲ್ಲ."

"ನಿಮ್ಮ ಓಣ್ಯಾಗ ಮನಿಗೊಂದು ಸಂಡಾಸ ಕಟ್ಟ್ಯಾರಲ್ಲ?"

"ಕಟ್ಟ್ಯಾರ್ರಿ. ಗುಂಡಿ ತುಂಬಿ ಎರಡ ವರ್ಷಾತು. ಈಗ ಒಳಗ ಕಟಗಿ ಒಟ್ಟೇವಿ."

ನಿರ್ಮಲಾ ಅಯ್ಯೋ ಶಿವನೇ ಎಂದಳು. ಈರೇಶ ಪೇಪರು ಮಡಿಚಿಟ್ಟ. ಎದ್ದು ಹೋಗಿಬಿಡಬೇಕು, ಕಚೇರಿಗೆ ಹೊತ್ತಾಯಿತು ಎಂದುಕೊಂಡ. ಎದ್ದ ಕಾಲು ಮಾತ್ರ ಹಿತ್ತಲಿಗೆ ಹೋಯಿತು. ಯಾರೂ ಕೇಳದಿದ್ದರೂ, "ಕರಡಿ ಭಾಳ ದೊಡ್ಡದ ಇತ್ತ," ಎಂದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತಾಯಿತು.

ಮಾಲವ್ವ ಮೊದಲ ಸಲ ಅವನ ಮುಖ ನೋಡಿದಳು. ಬೂದಿಗೈ ಹಾಗೇ ಇತ್ತು. "ಸಾಹೇಬ್ರ, ನಾ ಇಪ್ಪತ್ತೆರಡ ವರ್ಷ ಆತು ಆ ದಾರಿಗೆ ಹೊಂಟು. ಕರಡಿ ಬಂದಿದ್ರ ಹುತ್ತ ಕೆದರತಿತ್ತು. ಕೆದರಿಲ್ಲ. ಲದ್ದಿ ಬಿದ್ದಿರತಿತ್ತು. ಬಿದ್ದಿಲ್ಲ. ಹ್ವಾದ ವರ್ಷ ಖರೇನ ಬಂದಿತ್ತು. ಡಬ್ಬಿ ಬಡದ್ವಿ, ಹೋತು. ಅದಕ್ಕ ತಿಳೀತು, ಹೆಣ್ಮಕ್ಕಳು ಕುಂತಾರಂತ."

ಅಷ್ಟು ಹೇಳಿ ಅವಳು ತಟ್ಟೆ ತಿಕ್ಕತೊಡಗಿದಳು. ನಿರ್ಮಲಾ ಒಮ್ಮೆ ಅವಳನ್ನು, ಒಮ್ಮೆ ಗಂಡನನ್ನು, ಒಮ್ಮೆ ಗೋಡೆಗೆ ಒರಗಿದ್ದ ಸೈಕಲ್ಲಿನ ಗಾಲಿಯನ್ನು ನೋಡಿದಳು. ಅವಳ ಮುಖದಲ್ಲಿ ಒಂದೊಂದಾಗಿ ತಿಳಿಯುತ್ತ ಹೋದದ್ದನ್ನು ಈರೇಶ ನೋಡುತ್ತ ನಿಂತ. ಕಡೆಗೆ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಲ್ಲಿ ಈಗ ಯಾವ ವಾಸನೆಯೂ ಇರಲಿಲ್ಲ.

"ನಾ ಹೇಳಿದ್ರ ಓಣ್ಯಾಗ ಕೇಳವಲ್ರು," ಎಂದಳು ಮಾಲವ್ವ, ತಟ್ಟೆಗೇ ಹೇಳುವಂತೆ. "ಮುದುಕಿಗೇನ ತಿಳೀತೈತಿ, ಸಾಹೇಬ್ರು ಕಣ್ಣಿಲೆ ನೋಡ್ಯಾರಂತ ನನ್ನ ಮಗಾನ ಅಂತಾನ. ನೀವ ಬಂದು ಹೇಳಬೇಕ್ರಿ. ಸಂಜಿಕ ನಳದ ಹೊತ್ತಿಗೆ ಎಲ್ಲಾರೂ ಇರ್ತಾರ."

ಕಚೇರಿಯಲ್ಲಿ ಅವನು ಆ ದಿನ ಒಂದೇ ಕಾಗದವನ್ನು ನಾಲ್ಕು ಸಲ ಓದಿದ. ಹೋಗದಿದ್ದರೆ ಏನಾದೀತು? ಮಾಲವ್ವ ಕೆಲಸ ಬಿಟ್ಟಾಳು, ಇನ್ನೊಬ್ಬಳು ಸಿಗುತ್ತಾಳೆ. ಎಂಟು ದಿನದಲ್ಲಿ ಕರಡಿಯನ್ನು ಜನ ತಾವೇ ಮರೆಯುತ್ತಾರೆ. ಎಂಟು ದಿನ ಎಂದರೆ ಎಷ್ಟು ಲಾರಿ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟ. ಮರ ಕಡಿಯುವವರು ಹೆದರಲಿ ಎಂದು ಹೇಳಿದೆ ಎಂದರೆ? ಹೆಣ್ಣುಮಕ್ಕಳಿಗೆ ಹುಬ್ಬಳ್ಳಿಯವರಿಂದ ತೊಂದರೆಯಾಗಬಾರದೆಂದು ಸುಳ್ಳು ಹೇಳಬೇಕಾಯಿತು ಎಂದರೆ? ಈ ಎರಡನೆಯದು ಚೆನ್ನಾಗಿತ್ತು. ಅದರಲ್ಲಿ ಅವನು ಒಳ್ಳೆಯವನಾಗಿ ಕಾಣುತ್ತಿದ್ದ, ಮೇಲಾಗಿ ಅದು ಅರ್ಧ ನಿಜವೂ ಆಗಿತ್ತು. ಆ ಅರ್ಧವನ್ನು ಬಾಯಿಪಾಠ ಮಾಡಿಕೊಂಡು ಐದೂವರೆಗೆ ಸೈಕಲ್ಲು ಹತ್ತಿದ.

ಅಂಬೇವಾಡಿ ಮುಗಿದು ಅಡವಿ ಶುರುವಾಗುವಲ್ಲಿ ತಗಡಿನ ಮನೆಗಳ ಓಣಿ. ನಳದ ಮುಂದೆ ಕೊಡಗಳ ಸಾಲು. ಮಾಲವ್ವನ ಮಗ ಮಲಕಪ್ಪ ಲಾರಿ ಲೋಡು ಮಾಡುವವನು, ಹೆಗಲ ಮೇಲಿನ ಟವೆಲು ತೆಗೆದು ಅವನೇ ಮುಂದೆ ಬಂದು, "ಬರ್ರಿ ಸಾಹೇಬ್ರ. ಕರಡಿ ಮತ್ತ ಕಂಡ್ತೇನ್ರಿ?" ಎಂದ. ಅವನ ಹಿಂದೆ ಹೊಸ್ತಿಲಲ್ಲಿ, ಬಾತ ಕಾಲನ್ನು ಚಾಚಿಕೊಂಡು ಬಸುರಿ ಹುಡುಗಿಯೊಬ್ಬಳು ಕುಳಿತಿದ್ದಳು. ಶಿವಗಂಗಾ, ಅವನ ಹೆಂಡತಿ. ಪಾದಕ್ಕೆ ಅರಿಸಿನ ಮೆತ್ತಿದ್ದರು. ಈರೇಶ ಆ ಕಾಲಿನಿಂದ ಕಣ್ಣು ಕಿತ್ತು, "ಕರಡಿ ಇಲ್ಲಪಾ," ಎಂದ.

"ಇಲ್ಲಂದ್ರ? ಹೋತೇನ್ರಿ?"

"ಇರಲೇ ಇಲ್ಲ. ನಾ ನೋಡಿಲ್ಲ. ಸುಳ್ಳ ಹೇಳೀನಿ."

ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು, ಯಾರೂ ನಳ ನಿಲ್ಲಿಸಲಿಲ್ಲ. ಮಲಕಪ್ಪ, "ಯಾಕ್ರಿ?" ಎಂದ. ಸಿಟ್ಟಿನಿಂದಲ್ಲ, ತಿಳಿಯದೆ ಕೇಳಿದ.

"ಹುಬ್ಬಳ್ಳಿಯಿಂದ ಸೈಕಲ್ ಮಂದಿ ಬರಾವ್ರಿದ್ರು. ಆ ದಾರಿಗೆ. ನಿಮ್ಮ ಹೆಣ್ಮಕ್ಕಳಿಗೆ ತ್ರಾಸ ಆಗಬಾರದಂತ..."

"ಪೂರಾ ಹೇಳ್ರಿ," ಎಂದಳು ಮಾಲವ್ವ. ಅವಳು ಕೊಡಗಳ ಆಚೆ ನಿಂತಿದ್ದಳು, ಅವನ ಸ್ವೆಟರಿನಲ್ಲಿ.

ಈರೇಶನ ಬಾಯಿಪಾಠ ಅಲ್ಲಿಗೆ ಮುಗಿದಿತ್ತು. "ಆ ದಾರಿ ಅವರಿಗೆ ತೋರಿಸಿದಾಂವ ನಾನ," ಎಂದ. "ತಿಂಗಳ ಮ್ಯಾಲಾತು, ದಿನಾ ನಸಿಕಿನ್ಯಾಗ ಅಲ್ಲಿ ಸೈಕಲ್ ಹೊಡೀತಿದ್ದೆ. ಲೈಟ ಹಚ್ಚಿ. ಗಂಟಿ ಬಾರಿಸಿ. ಇವರು ಏಳ್ತಿದ್ರು." ನಿಲ್ಲಿಸಬಹುದಿತ್ತು. ಮಾಲವ್ವ ಇನ್ನೂ ನೋಡುತ್ತಲೇ ಇದ್ದಳು. "ಯಾಕ ಏಳ್ತಾರಂತ ನನಗ ಗೊತ್ತಿತ್ತು."

ಮಲಕಪ್ಪ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಅವನು ಹೊಡೆಯಲಿ ಎಂದು ಈರೇಶನಿಗೆ ನಿಜವಾಗಿ ಅನ್ನಿಸಿತು. ಹೊಡೆದರೆ ಅಲ್ಲಿಗೆ ಒಂದು ಲೆಕ್ಕ ಮುಗಿಯುತ್ತದೆ, ನಾಳೆ ಬೇಕಾದರೆ ತಾನೂ ಸಿಟ್ಟಾಗಬಹುದು. ಮಲಕಪ್ಪ ಹೊಡೆಯಲಿಲ್ಲ. ನೆಲ ನೋಡುತ್ತ, "ನಮ್ಮವ್ವಾನೂ ಏಳ್ತಿದ್ಳೇನ್ರಿ?" ಎಂದ. ಈರೇಶ ಹೂಂ ಎಂದ. ಯಾರೋ ಹೆಂಗಸು ಪಿಸಕ್ಕನೆ ನಕ್ಕಳು. "ಹಂಗಾರ ಕರಡಿ ಇದ ಬಿಡ್ರೆವಾ, ಲೈಟ ಹಚಗೊಂಡ ಬರೂದು," ಎಂದಳು. ಇನ್ನೊಬ್ಬಳು ನಕ್ಕಳು, ಆಮೇಲೆ ನಳದ ಸುತ್ತ ಎಲ್ಲ ಹೆಂಗಸರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಅಂದು ಟೆಂಪೋದಲ್ಲಿ ಜನ ನಕ್ಕಷ್ಟೇ ಜೋರಾಗಿ ನಕ್ಕರು. ಮಾಲವ್ವ ನಗಲಿಲ್ಲ. ಬಾಗಿ, ತುಂಬಿ ಹರಿಯುತ್ತಿದ್ದ ನಳವನ್ನು ನಿಲ್ಲಿಸಿದಳು.

ಬರ್ತೇನಿ ಎಂದು ಹೇಳಿದನೋ ಇಲ್ಲವೋ ಅವನಿಗೇ ನೆನಪಿಲ್ಲ. ಹತ್ತಲು ಧೈರ್ಯ ಸಾಲದೆ ಸೈಕಲ್ಲನ್ನು ತಳ್ಳಿಕೊಂಡು ಹೊರಟ. ಹೊತ್ತು ಮುಳುಗಿತ್ತು, ಓಣಿಯ ಕೊನೆ ಮಬ್ಬಾಗಿತ್ತು. ಕೈ ರೂಢಿಯಂತೆ ಹೋಗಿ ದೀಪ ಹಚ್ಚಿಬಿಟ್ಟಿತು. ಕೊನೆಯ ಮನೆಯ ಮುಂದೆ, ಕಲ್ಲಿನ ಮೇಲೆ ಕಣ್ಣು ಮಂಜಾದ ಮುದುಕಿ ಯಲ್ಲವ್ವ ಕುಳಿತಿದ್ದಳು. ನಳದ ಹತ್ತಿರ ನಡೆದದ್ದೊಂದೂ ಅವಳಿಗೆ ಕೇಳಿಸಿರಲಿಲ್ಲ. ಬೆಳಕು ಮುಖಕ್ಕೆ ಬಿದ್ದದ್ದೇ ಅವಳು ಮೊಣಕಾಲಿಗೆ ಕೈಯೂರಿ, ಸೀರೆ ಕೆಳಗೆಳೆದುಕೊಳ್ಳುತ್ತ ಏಳತೊಡಗಿದಳು. ಈರೇಶ ದೀಪ ಆರಿಸಲು ಗಾಬರಿಯಿಂದ ಗುಂಡಿ ತಡಕಿದ. ಹೆಬ್ಬೆರಳಿಗೆ ಸಿಕ್ಕಿದ್ದು ಗಂಟೆ. ಅದು ಟ್ರಿಣ್ ಎಂದಿತು. ಮುದುಕಿ ಪೂರ್ತಿ ಎದ್ದು, ಬೆನ್ನು ತಿರುಗಿಸಿ ನಿಂತಳು.

ಕೊಡ ಹೊತ್ತು ಹಿಂದಿನಿಂದ ಬರುತ್ತಿದ್ದ ಮಾಲವ್ವ ಅವನನ್ನು ದಾಟಿ ಮುಂದೆ ಹೋದಳು. ಖಾಲಿ ಇದ್ದ ಕೈಯನ್ನು ಮುದುಕಿಯ ಹೆಗಲ ಮೇಲಿಟ್ಟು ಮೆಲ್ಲಗೆ ಒತ್ತಿದಳು.

"ಕುಂದ್ರ ಬೇ ಯಲ್ಲವ್ವ," ಎಂದಳು. "ಇಂವಗ್ಯಾಕ ಏಳ್ತಿ?"